ಎಲ್ಕ್ ಕೈಮಾ: ಬೇಯಿಸುವ ಮೊದಲು ಅದರಲ್ಲಿ ಯಾವ ಕೊಬ್ಬು ಸೇರಿದೆ ಅಂತ ಕೇಳಿ

ಅಕ್ಕಾ, ನಿಮ್ಮ ಪ್ರಶ್ನೆಗೆ ಉತ್ತರ ಸ್ವಲ್ಪ ಉದ್ದ ಆಗುತ್ತದೆ, ಬೇಸರ ಮಾಡಿಕೊಳ್ಳಬೇಡಿ. ಡೆನ್ವರ್‌ಗೆ ಹೊಸದಾಗಿ ಬಂದಿದ್ದೀರಿ. ಯಜಮಾನರ ಆಫೀಸಿನವರೊಬ್ಬರು ತಾವೇ ಬೇಟೆಯಾಡಿದ ಎಲ್ಕ್‌ನ (ಕಡವೆಯಂಥ ದೊಡ್ಡ ಜಿಂಕೆ) ಗ್ರೌಂಡ್ ಮಾಂಸ, ಅಂದರೆ ಅರೆದ ಕೈಮಾ, ಐದು ಪ್ಯಾಕೆಟ್ ಕೊಟ್ಟಿದ್ದಾರೆ. ಮಟನ್‌ಗಿಂತ ಇದು ಒಳ್ಳೆಯದಾ, ವಾಸನೆ ಬರುತ್ತಾ, ನಾಲ್ಕು ವರ್ಷದ ಮಗುವಿಗೆ ಕೊಡಬಹುದಾ, ಕೈಮಾ ಉಂಡೆ ಸಾರು ಆಗುತ್ತಾ ಅಂತ ಕೇಳಿದ್ದೀರಿ. ಈ ಗುಂಪಿನಲ್ಲೇ ಒಬ್ಬರು ನಿಮಗೆ "ಮಟನ್ ಥರಾನೇ, ಕುಕ್ಕರ್‌ನಲ್ಲಿ ನಾಲ್ಕು ವಿಷಲ್ ಕೂಗಿಸಿ" ಅಂದಿದ್ದಾರೆ. ದಯವಿಟ್ಟು ಬೇಡ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ಒಂದು ಕೆಲಸ ಮಾಡಿ. ಕೊಟ್ಟವರಿಗೆ ಒಂದು ಮೆಸೇಜ್ ಹಾಕಿ, "ಅರೆಯುವಾಗ ಯಾವ ಕೊಬ್ಬು ಸೇರಿಸಿದ್ದಾರೆ?" ಅಂತ ಕೇಳಿ. ಎಲ್ಕ್ ಮೈಯಲ್ಲಿ ಮಾಂಸದ ನಡುವೆ ಕೊಬ್ಬು ತೀರಾ ಕಡಿಮೆ. ಹೊರಗಡೆ ಇರುವ ಕೊಬ್ಬು ಗಟ್ಟಿ, ಬಾಯಲ್ಲಿ ಅಂಟುತ್ತದೆ, ವಾಸನೆಯೂ ಹೆಚ್ಚಾಗಿ ಅದರದ್ದೇ. ಅದಕ್ಕೇ ಅದನ್ನು ಕೆತ್ತಿ ಬಿಸಾಡುತ್ತಾರೆ. ಬರೀ ಮಾಂಸ ಅರೆದರೆ ಬರ್ಗರ್ ಉದುರಿ ಹೋಗುತ್ತದೆ. ಹಾಗಾಗಿ ಬೇಟೆ ಮಾಂಸ ಕತ್ತರಿಸಿ ಪ್ಯಾಕ್ ಮಾಡಿಕೊಡುವ ಅಂಗಡಿಯವರು ಅದಕ್ಕೆ ದನದ ಕೊಬ್ಬನ್ನೋ ಹಂದಿಯ ಕೊಬ್ಬನ್ನೋ ಸೇರಿಸಿ ಅರೆಯುವುದು ಇಲ್ಲಿ ಮಾಮೂಲು. ಕೆಲವರು ಬೇಕನ್ (ಉಪ್ಪು ಹಚ್ಚಿದ ಹಂದಿ ಮಾಂಸ) ಚೂರು ಕೂಡ ಹಾಕಿಸುತ್ತಾರೆ. ಪ್ಯಾಕೆಟ್ ಮೇಲೆ ಎಷ್ಟೋ ಸಲ "ಗ್ರೌಂಡ್ ಎಲ್ಕ್" ಅಂತ ಮಾತ್ರ ಇರುತ್ತದೆ.

ಈ ಗುಂಪಿನಲ್ಲಿ ದನದ ಮಾಂಸ ತಿನ್ನದವರು ಇದ್ದಾರೆ, ಹಂದಿ ಮುಟ್ಟದವರೂ ಇದ್ದಾರೆ. "ಜಿಂಕೆ ಜಾತಿ ತಾನೇ, ತಿನ್ನಬಹುದು" ಅಂದುಕೊಂಡು ತಿಂದು, ಆಮೇಲೆ ಗೊತ್ತಾಗಿ ಬೇಜಾರಾಗುವುದಕ್ಕಿಂತ ಮೊದಲೇ ಕೇಳುವುದು ವಾಸಿ. ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಬೇಟೆಗಾರರಿಗೆ ಇದು ದಿನನಿತ್ಯದ ಮಾತು. ಅಂಗಡಿಯಲ್ಲಿ ಕೊಳ್ಳುವುದಾದರೆ ಲೇಬಲ್‌ನಲ್ಲಿರುವ ಪದಾರ್ಥಗಳ ಸಾಲು ಓದಿ. ಅಂಗಡಿಗೆ ಬರುವುದು ಫಾರ್ಮ್‌ನಲ್ಲಿ ಸಾಕಿದ ಎಲ್ಕ್. ಕಾಡಿನಲ್ಲಿ ಹೊಡೆದದ್ದನ್ನು ಮಾರುವ ಹಾಗಿಲ್ಲ, ಸುಮ್ನೆ ಕೊಡಬಹುದು ಅಷ್ಟೇ. ಹಾಗೆ ಕೊಡುವಾಗಲೂ ಕೊಟ್ಟವರ ಹೆಸರು, ಬೇಟೆ ಲೈಸೆನ್ಸ್ ನಂಬರ್ ಬರೆದ ಚೀಟಿ ಜೊತೆಗಿರಬೇಕು ಅಂತ ಹಲವು ರಾಜ್ಯಗಳಲ್ಲಿ ನಿಯಮ ಇದೆ. ಅದನ್ನೂ ಕೇಳಿ ಇಟ್ಟುಕೊಳ್ಳಿ. ಊರಿನಲ್ಲಿರುವ ಅತ್ತೆ ಮಾವನಿಗೆ ಫೋಟೋ ಕಳಿಸಿದರೆ ಗಾಬರಿಯಾದಾರು. ಅಲ್ಲಿ ಕಡವೆ, ಜಿಂಕೆ ಹೊಡೆಯುವುದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಇಲ್ಲಿ ಲೈಸೆನ್ಸ್ ಇದ್ದು ಸೀಸನ್‌ನಲ್ಲಿ ಹೊಡೆದರೆ ಕಾನೂನಿನ ಪ್ರಕಾರವೇ.

ಕೊಟ್ಟವರಿಗೆ ನೆನಪಿಲ್ಲ ಅಂದರೆ ಒಂದು ಚಮಚದಷ್ಟು ಮಾಂಸವನ್ನು ಎಣ್ಣೆ ಹಾಕದೆ ಬಾಣಲೆಯಲ್ಲಿ ಹುರಿದು ನೋಡಿ. ಸುತ್ತ ಜಿಡ್ಡು ನಿಂತರೆ ಕೊಬ್ಬು ಸೇರಿಸಿದ್ದಾರೆ. ಒಣಗಿ ತಳಕ್ಕೆ ಹಿಡಿದರೆ ಬರೀ ಎಲ್ಕ್. ಯಾವ ಪ್ರಾಣಿಯ ಕೊಬ್ಬು ಅಂತ ಇದರಿಂದ ಗೊತ್ತಾಗುವುದಿಲ್ಲ, ಆದರೆ ಅಡುಗೆಗೆ ಎಣ್ಣೆ ಎಷ್ಟು ಬೇಕು ಅಂತ ಗೊತ್ತಾಗುತ್ತದೆ.

ಈಗ ಪೌಷ್ಟಿಕಾಂಶದ ಮಾತು. ಅಮೆರಿಕದ ಕೃಷಿ ಇಲಾಖೆಯ ಪಟ್ಟಿಯಲ್ಲಿ ಎಲ್ಕ್‌ಗೆ ಎರಡು ಲೆಕ್ಕ ಇವೆ. ಬರೀ ಹಸಿ ಮಾಂಸ 100 ಗ್ರಾಂಗೆ 111 ಕ್ಯಾಲೊರಿ, ಪ್ರೋಟೀನ್ ಸುಮಾರು 23 ಗ್ರಾಂ, ಕೊಬ್ಬು ಒಂದೂವರೆ ಗ್ರಾಂ. ಗ್ರೌಂಡ್ ಎಲ್ಕ್ ಆದರೆ 172 ಕ್ಯಾಲೊರಿ, ಪ್ರೋಟೀನ್ 22 ಗ್ರಾಂ, ಕೊಬ್ಬು ಸುಮಾರು 9 ಗ್ರಾಂ. ಅದೇ ಪ್ರಾಣಿ, ಕೊಬ್ಬು ಆರು ಪಟ್ಟು! ಇಂಟರ್‌ನೆಟ್‌ನಲ್ಲಿ "ಎಲ್ಕ್‌ನಲ್ಲಿ ಕೊಬ್ಬೇ ಇಲ್ಲ" ಅಂತ ಬರೆಯುವವರು ಮೊದಲನೇ ಲೆಕ್ಕ ತೋರಿಸುತ್ತಾರೆ. ನಿಮ್ಮ ಫ್ರೀಜರ್‌ನಲ್ಲಿರುವುದು ಎರಡನೆಯದ್ದಾಗಿರುವ ಸಾಧ್ಯತೆ ಜಾಸ್ತಿ.

"ಮಟನ್‌ಗಿಂತ ಒಳ್ಳೆಯದಾ" ಅಂದರೆ ಯಾವ ಮಟನ್ ಅನ್ನುವುದರ ಮೇಲೆ ಹೋಗುತ್ತದೆ. ಸೂಪರ್ ಮಾರ್ಕೆಟ್‌ನ ಗ್ರೌಂಡ್ ಲ್ಯಾಂಬ್‌ನಲ್ಲಿ 100 ಗ್ರಾಂಗೆ 23 ಗ್ರಾಂ ಕೊಬ್ಬು, 282 ಕ್ಯಾಲೊರಿ. ಅದರ ಮುಂದೆ ಎಲ್ಕ್ ಕಣ್ಣು ಮುಚ್ಚಿ ಗೆಲ್ಲುತ್ತದೆ. ಆದರೆ ಹಲಾಲ್ ಅಂಗಡಿಯಿಂದ ಮೇಕೆ ಮಾಂಸ ತರುತ್ತೀರಲ್ವಾ, ಅದು 109 ಕ್ಯಾಲೊರಿ, ಕೊಬ್ಬು 2.3 ಗ್ರಾಂ, ಪ್ರೋಟೀನ್ 20 ಗ್ರಾಂ ಚಿಲ್ಲರೆ. ಅಂದರೆ ಬರೀ ಎಲ್ಕ್‌ಗೂ ಮೇಕೆಗೂ ಹೆಚ್ಚು ಕಮ್ಮಿ ಏನೂ ಇಲ್ಲ. ಕೊಬ್ಬು ಸೇರಿಸಿದ ಎಲ್ಕ್‌ಗಿಂತ ಮೇಕೆಯೇ ಹಗುರ. ಇಲ್ಲಿನವರು ದನದ ಗ್ರೌಂಡ್ ಮಾಂಸಕ್ಕೆ ಹೋಲಿಸಿ ಎಲ್ಕ್ ಹೊಗಳುತ್ತಾರೆ. ಮೇಕೆ ತಿಂದು ಬೆಳೆದ ನಮಗೆ ಅಷ್ಟು ದೊಡ್ಡ ಲಾಭ ಇಲ್ಲ ಅಂತ ನನ್ನ ಅಭಿಪ್ರಾಯ. ರುಚಿಗೆ ತಿನ್ನಿ, ಔಷಧಿ ಅಂತ ತಿನ್ನಬೇಡಿ.

ಒಳ್ಳೆಯ ಗುಣ ಇಲ್ಲ ಅಂತಲ್ಲ. ಬೇಯಿಸಿದ ಗ್ರೌಂಡ್ ಎಲ್ಕ್ 100 ಗ್ರಾಂನಲ್ಲಿ ಕಬ್ಬಿಣ ಸುಮಾರು 3.3 ಮಿಲಿಗ್ರಾಂ, ಸತು 6.6 ಮಿಲಿಗ್ರಾಂ ಇದೆ. ಹೆಂಗಸರಿಗೆ ದಿನಕ್ಕೆ ಬೇಕಾದ ಸತು 8 ಮಿಲಿಗ್ರಾಂ, ಲೆಕ್ಕ ನೀವೇ ಹಾಕಿಕೊಳ್ಳಿ. ಮಾಂಸದ ಕಬ್ಬಿಣವನ್ನು ದೇಹ ಸೊಪ್ಪಿನ ಕಬ್ಬಿಣಕ್ಕಿಂತ ಸುಲಭವಾಗಿ ಹೀರಿಕೊಳ್ಳುತ್ತದೆ. ಬಿ12 ಕೂಡ ಒಬ್ಬರಿಗೆ ದಿನಕ್ಕೆ ಸಾಕಾಗುವಷ್ಟು ಸಿಗುತ್ತದೆ. ಕೊಲೆಸ್ಟ್ರಾಲ್ ಮಾತ್ರ ಬೇರೆ ಮಾಂಸದಷ್ಟೇ, 78 ಮಿಲಿಗ್ರಾಂ ಹತ್ತಿರ. ಕೊಬ್ಬು ಕಡಿಮೆ ಅಂದ ಮಾತ್ರಕ್ಕೆ ಕೊಲೆಸ್ಟ್ರಾಲ್ ಇಲ್ಲ ಅಂತ ಅರ್ಥ ಅಲ್ಲ. ಯೂರಿಕ್ ಆಸಿಡ್ ತೊಂದರೆ ಇರುವವರಿಗೆ ಇದೂ ಕೆಂಪು ಮಾಂಸವೇ, ಮಿತಿ ಇರಲಿ.

ಮಗುವಿನ ವಿಷಯಕ್ಕೆ ಬರುತ್ತೇನೆ. ಇದನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಅದೇ ಮೆಸೇಜ್‌ನಲ್ಲಿ ಇನ್ನೂ ಎರಡು ಪ್ರಶ್ನೆ ಸೇರಿಸಿ.

ಒಂದು, ಗುಂಡು ಸೀಸದ್ದಾ, ತಾಮ್ರದ್ದಾ? ಸೀಸದ ಗುಂಡು ಒಳಗೆ ಹೋದ ಮೇಲೆ ಚೂರುಚೂರಾಗುತ್ತದೆ. ಗಾಯದಿಂದ ದೂರದ ಮಾಂಸದಲ್ಲೂ ಕಣ್ಣಿಗೆ ಕಾಣದಷ್ಟು ಸಣ್ಣ ಚೂರು ಸೇರುತ್ತವೆ. ಅರೆದಾಗ ಅವು ಎಲ್ಲ ಕಡೆ ಹರಡುತ್ತವೆ, ಅದಕ್ಕೇ ಇಡೀ ತುಂಡಿಗಿಂತ ಗ್ರೌಂಡ್ ಮಾಂಸದಲ್ಲಿ ಅಪಾಯ ಜಾಸ್ತಿ. 2008ರಲ್ಲಿ ನಾರ್ತ್ ಡಕೋಟಾದಲ್ಲಿ ಬೇಟೆಗಾರರು ಬಡವರಿಗೆಂದು ದಾನ ಕೊಟ್ಟ ಜಿಂಕೆ ಮಾಂಸದ ಗ್ರೌಂಡ್ ಪ್ಯಾಕೆಟ್‌ಗಳಲ್ಲಿ ಸೀಸ ಸಿಕ್ಕಿತು. ಅದನ್ನು ಹಂಚಬೇಡಿ ಅಂತ ಅಲ್ಲಿನ ಆರೋಗ್ಯ ಇಲಾಖೆ ಹೇಳಿತು. ಆರು ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು ಸೀಸದ ಗುಂಡಿನಿಂದ ಹೊಡೆದ ಮಾಂಸ ತಿನ್ನಬಾರದು ಅನ್ನುವ ಸಲಹೆ ಆಗಲೇ ಬಂದದ್ದು. ಬೇಯಿಸಿದರೆ ಸೀಸ ಹೋಗುವುದಿಲ್ಲ. ಹುಣಸೆ, ವಿನೆಗರ್ ಥರದ ಹುಳಿ ಸೇರಿದರೆ ಇನ್ನೂ ಜಾಸ್ತಿ ಕರಗಿ ಮೈಗೆ ಸೇರುತ್ತದೆ. ತಾಮ್ರದ ಗುಂಡು ಅಥವಾ ಬಾಣ ಅಂದರೆ ಈ ಚಿಂತೆ ಬಿಡಿ. ಸೀಸ ಅಂದರೆ, ಅಥವಾ ಗೊತ್ತಿಲ್ಲ ಅಂದರೆ, ಮಗುವಿಗೆ ಬೇಡ.

ಎರಡು, ಸಿಡಬ್ಲ್ಯುಡಿ (ಕ್ರಾನಿಕ್ ವೇಸ್ಟಿಂಗ್ ಡಿಸೀಸ್) ಪರೀಕ್ಷೆ ಮಾಡಿಸಿದ್ದಾರಾ? ಇದು ಜಿಂಕೆ ಜಾತಿಯ ಪ್ರಾಣಿಗಳ ಮಿದುಳಿಗೆ ಬರುವ ರೋಗ. 1967ರಲ್ಲಿ ನಿಮ್ಮ ಕೊಲೊರಾಡೊದಲ್ಲೇ, ಫೋರ್ಟ್ ಕಾಲಿನ್ಸ್ ಹತ್ತಿರ ಸಂಶೋಧನೆಗೆ ಸಾಕಿದ್ದ ಜಿಂಕೆಗಳಲ್ಲಿ ಮೊದಲು ಕಂಡದ್ದು. 1981ರಲ್ಲಿ ಕಾಡಿನ ಎಲ್ಕ್‌ನಲ್ಲೂ ಸಿಕ್ಕಿತು. ಮನುಷ್ಯರಿಗೆ ಅಂಟಿದ ಪ್ರಕರಣ ವರದಿಯಾಗಿಲ್ಲ. ಆದರೂ ರೋಗ ಇದೆ ಅಂತ ಬಂದ ಪ್ರಾಣಿಯನ್ನು ತಿನ್ನಬೇಡಿ ಅಂತ ಇಲ್ಲಿನ ಆರೋಗ್ಯ ಇಲಾಖೆ ಹೇಳುತ್ತದೆ, ಯಾಕೆಂದರೆ ಅದಕ್ಕೆ ಕಾರಣವಾಗುವ ಪ್ರಿಯಾನ್ ಅನ್ನುವ ಪ್ರೋಟೀನ್ ಒಲೆಯ ಬಿಸಿಗೆ ಸಾಯುವಂಥದ್ದಲ್ಲ. ಪ್ರಾಣಿಯ ತಲೆ ಕೊಟ್ಟು ಪರೀಕ್ಷೆ ಮಾಡಿಸುವ ವ್ಯವಸ್ಥೆ ರಾಜ್ಯದ ವನ್ಯಜೀವಿ ಇಲಾಖೆಯಲ್ಲಿದೆ. ತುಂಬಾ ಬೇಟೆಗಾರರು ಮಾಡಿಸಿರುತ್ತಾರೆ. ಅಂಗಡಿಯಲ್ಲಿ ಅರೆಸಿದ್ದಾದರೆ ತಮ್ಮ ಎಲ್ಕ್ ಒಂದನ್ನೇ ಬೇರೆಯಾಗಿ ಅರೆದರಾ, ನಾಲ್ಕಾರು ಜನರದ್ದು ಸೇರಿಸಿದರಾ ಅಂತಲೂ ಕೇಳಿ. ಸೇರಿಸಿದ್ದರೆ ಅವರ ಒಬ್ಬರ ಪರೀಕ್ಷೆಯಿಂದ ಏನೂ ಉಪಯೋಗ ಇಲ್ಲ.

ಅಡುಗೆಗೆ ಬನ್ನಿ.

ಪ್ಯಾಕೆಟ್ ಹಿಂದಿನ ದಿನವೇ ಫ್ರಿಜ್‌ನ ಕೆಳಗಿನ ತಟ್ಟೆಗೆ ಇಳಿಸಿ. ಸಿಂಕ್‌ನಲ್ಲಿ ಇಟ್ಟು ಕರಗಿಸುವ ನಮ್ಮ ಅಭ್ಯಾಸ ಗ್ರೌಂಡ್ ಮಾಂಸಕ್ಕೆ ಬೇಡ. ಇಡೀ ತುಂಡಿನಲ್ಲಿ ಕ್ರಿಮಿ ಮೇಲ್ಮೈಯಲ್ಲಿ ಇರುತ್ತವೆ, ಅರೆದಾಗ ಒಳಗೂ ಸೇರುತ್ತವೆ. ಅದೇ ಕಾರಣಕ್ಕೆ ಒಳಗಿನ ಬಿಸಿ 160 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 71 ಸೆಲ್ಸಿಯಸ್ ಮುಟ್ಟಲೇಬೇಕು. ಬಣ್ಣ ನೋಡಿ ಅಂದಾಜು ಮಾಡಬೇಡಿ. ಎಲ್ಕ್ ಮಾಂಸ ಮೊದಲೇ ಕಡುಗೆಂಪು. ಚುಚ್ಚಿ ನೋಡುವ ಥರ್ಮಾಮೀಟರ್ ಒಂದು ತಗೊಳ್ಳಿ. ತೊಳೆಯಲು ಹೋಗಬೇಡಿ, ಗ್ರೌಂಡ್ ಮಾಂಸ ತೊಳೆದರೆ ರುಚಿಯೆಲ್ಲ ನೀರಿಗೆ ಹೋಗುತ್ತದೆ.

ಕುಕ್ಕರ್ ಯಾಕೆ ಬೇಡ ಅಂದೆ. ಕುರಿ ಕೈಮಾದಲ್ಲಿ ಕೊಬ್ಬು ಕರಗಿ ಮಾಂಸವನ್ನು ಮೆತ್ತಗೆ ಇಡುತ್ತದೆ, ಜಾಸ್ತಿ ಬೆಂದರೂ ತಡೆಯುತ್ತದೆ. ಎಲ್ಕ್‌ನಲ್ಲಿ ಆ ಕೊಬ್ಬು ಇಲ್ಲ. ನಾಲ್ಕು ವಿಷಲ್‌ಗೆ ನೀರೆಲ್ಲ ಬಿಟ್ಟು ಮರಳಿನ ಥರ ಆಗುತ್ತದೆ. ಅರೆದ ಮಾಂಸದ ನಾರು ಮೊದಲೇ ತುಂಡಾಗಿದೆ, ಮೆತ್ತಗಾಗಲು ಹೊತ್ತು ಬೇಕಿಲ್ಲ. ಹತ್ತು ಹನ್ನೆರಡು ನಿಮಿಷ ಸಾಕು.

ಮೊದಲ ಸಲಕ್ಕೆ ಮೆಂತ್ಯ ಸೊಪ್ಪಿನ ಒಣ ಕೈಮಾ ಮಾಡಿ, ಅದು ಕೆಡುವುದು ಕಷ್ಟ. ಒಂದು ಪೌಂಡ್‌ಗೆ ಮೂರು ದೊಡ್ಡ ಚಮಚ ಎಣ್ಣೆ, ಕೊಬ್ಬು ಸೇರಿಸಿದ ಮಾಂಸವಾದರೆ ಒಂದೂವರೆ. ದಪ್ಪ ತಳದ ಬಾಣಲೆ ಚೆನ್ನಾಗಿ ಕಾಯಲಿ. ಮಾಂಸವನ್ನು ಎರಡು ಸಲವಾಗಿ ಹಾಕಿ, ಒಂದೇ ಸಲ ಹಾಕಿದರೆ ನೀರು ಬಿಟ್ಟು ಬೇಯುತ್ತದೆ, ಹುರಿಯುವುದಿಲ್ಲ. ಎರಡು ನಿಮಿಷ ಕದಡದೆ ಬಿಡಿ, ತಳ ಕಂದು ಬಣ್ಣ ಬರಲಿ, ಆಮೇಲೆ ಒಡೆಯಿರಿ. ತೆಗೆದಿಟ್ಟು ಅದೇ ಬಾಣಲೆಯಲ್ಲಿ ಚಕ್ಕೆ, ಲವಂಗ, ಈರುಳ್ಳಿ, ಶುಂಠಿ ಬೆಳ್ಳುಳ್ಳಿ, ಟೊಮೇಟೊ, ಧನಿಯಾ ಪುಡಿ, ಖಾರದ ಪುಡಿ ಎಲ್ಲ ಹುರಿದು ಮಸಾಲೆ ಪೂರ್ತಿ ಬೆಂದ ಮೇಲೆ ಮಾಂಸ, ಸೊಪ್ಪು ಸೇರಿಸಿ. ಐದಾರು ನಿಮಿಷ ಸಣ್ಣ ಉರಿ. ಮಸಾಲೆಗೆ ಬೇಕಾದ ಸಮಯ ಮಸಾಲೆಗೇ ಕೊಡಿ, ಮಾಂಸದ ಜೊತೆ ಸೇರಿಸಿ ಕಾಯಿಸಬೇಡಿ. ಸಬ್ಬಸಿಗೆ ಸೊಪ್ಪು ಇದ್ದರೆ ಅದೂ ಸೊಗಸು. ಅಕ್ಕಿ ರೊಟ್ಟಿ ಜೊತೆ ಹೇಳುವುದೇ ಬೇಡ.

ಕೈಮಾ ಉಂಡೆ ಖಂಡಿತ ಆಗುತ್ತದೆ. ನನ್ನ ಪ್ರಕಾರ ಎಲ್ಕ್‌ಗೆ ಇದಕ್ಕಿಂತ ಒಳ್ಳೆಯ ಅಡುಗೆ ಇಲ್ಲ, ಯಾಕೆಂದರೆ ನಾವು ಹಾಕುವ ಹುರಿಗಡಲೆ ಪುಡಿ ಮಾಂಸ ಬಿಡುವ ರಸವನ್ನು ಹಿಡಿದುಕೊಳ್ಳುತ್ತದೆ. ಒಂದು ಪೌಂಡ್‌ಗೆ ನಾಲ್ಕು ದೊಡ್ಡ ಚಮಚ ಹುರಿಗಡಲೆ ಪುಡಿ, ಎರಡು ಚಮಚ ಕೊಬ್ಬರಿ ತುರಿ, ಹಸಿಮೆಣಸಿನಕಾಯಿ, ಶುಂಠಿ, ಬೆಳ್ಳುಳ್ಳಿ, ಚಕ್ಕೆ, ಲವಂಗ, ಸಣ್ಣಗೆ ಹೆಚ್ಚಿದ ಕೊತ್ತಂಬರಿ, ಪುದೀನ. ಈರುಳ್ಳಿಯನ್ನು ತುರಿದು ಹಾಕಿ, ರಸ ಹಿಂಡಬೇಡಿ. ಕೊಬ್ಬು ಸೇರಿಸದ ಮಾಂಸವಾದರೆ ಎರಡು ಚಮಚ ತುಪ್ಪ ಗಟ್ಟಿಯಾಗಿರುವಾಗಲೇ ಬೆರೆಸಿ. ದನದ ಕೊಬ್ಬು ಬೇಡ ಅನ್ನುವವರಿಗೆ ತುಪ್ಪ ಅಥವಾ ತೆಂಗಿನೆಣ್ಣೆಯೇ ದಾರಿ.

ಉಪ್ಪು ಕೊನೆಯಲ್ಲಿ ಹಾಕಿ, ಹಾಕಿದ ಮೇಲೆ ಜಾಸ್ತಿ ನಾದಬೇಡಿ. ಉಪ್ಪು ಹಾಕಿ ಚಪಾತಿ ಹಿಟ್ಟಿನ ಹಾಗೆ ನಾದಿದರೆ ಮಾಂಸದ ಪ್ರೋಟೀನ್ ಅಂಟಂಟಾಗಿ, ಉಂಡೆ ಬೆಂದ ಮೇಲೆ ರಬ್ಬರಿನಂತೆ ಆಗುತ್ತದೆ. ಕೈಗೆ ಸ್ವಲ್ಪ ಎಣ್ಣೆ ಸವರಿ ನಿಂಬೆ ಗಾತ್ರಕ್ಕೆ ಕಟ್ಟಿ, ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ಸಾರು ನಿಮ್ಮ ಮನೆಯಲ್ಲಿ ಹೇಗೆ ಮಾಡುತ್ತೀರೋ ಹಾಗೇ, ತೆಂಗಿನಕಾಯಿ ಗಸಗಸೆ ಅರೆದು ಹಾಕಿ ಪೂರ್ತಿ ಕುದಿಸಿಬಿಡಿ. ಆಮೇಲೆ ಉರಿ ಸಣ್ಣ ಮಾಡಿ ಉಂಡೆ ಒಂದೊಂದೇ ಬಿಡಿ. ಐದು ನಿಮಿಷ ಸೌಟು ಹಾಕಬೇಡಿ, ಪಾತ್ರೆ ಅಲ್ಲಾಡಿಸಿದರೆ ಸಾಕು. ಹದಿನೈದು ನಿಮಿಷಕ್ಕೆ ಒಂದು ಉಂಡೆ ತೆಗೆದು ನಡುವೆ ಥರ್ಮಾಮೀಟರ್ ಚುಚ್ಚಿ ನೋಡಿ. ನಿಮ್ಮ ಡೆನ್ವರ್ ಎತ್ತರದಲ್ಲಿ ನೀರು 95 ಸೆಲ್ಸಿಯಸ್ ಸುಮಾರಿಗೇ ಕುದಿಯುತ್ತದೆ. ಉಂಡೆಗೆ ಅದರಿಂದ ತೊಂದರೆ ಇಲ್ಲ, ಆದರೆ ಸಾರಿಗೆ ಬೇಳೆ ಹಾಕುವುದಾದರೆ ಬೇಳೆಯನ್ನು ಕುಕ್ಕರ್‌ನಲ್ಲೇ ಬೇಯಿಸಿ. ಬಡಿಸುವಾಗ ಸಾರು ಬಿಸಿಬಿಸಿ ಇರಲಿ. ದನದ ಕೊಬ್ಬು ಸೇರಿದ್ದರೆ ಆರಿದ ಮೇಲೆ ಜಿಡ್ಡು ಅಂಗುಳಕ್ಕೆ ಅಂಟುತ್ತದೆ.

ವಾಸನೆ ಬಗ್ಗೆ: ಬೇಗ ಚರ್ಮ ಸುಲಿದು ತಣ್ಣಗೆ ಮಾಡಿದ ಎಲ್ಕ್‌ಗೆ ಅಂಥ ವಾಸನೆ ಇರುವುದಿಲ್ಲ, ಮೇಕೆಗಿಂತ ಕಡಿಮೆಯೇ. ಇದ್ದರೆ ಅದು ಬೇಟೆಯ ದಿನವೇ ಬಂದದ್ದು. ಹಾಲಿನಲ್ಲಿ ನೆನೆಸು, ಮೊಸರು ಹಚ್ಚು ಅಂತೆಲ್ಲ ಹೇಳುತ್ತಾರೆ, ಗ್ರೌಂಡ್ ಮಾಂಸಕ್ಕೆ ಅದು ಸುಮ್ನೆ ಕೆಲಸ. ಚಕ್ಕೆ, ಲವಂಗ, ಕರಿಮೆಣಸು ಸ್ವಲ್ಪ ಜಾಸ್ತಿ ಹಾಕಿ. ಕೊಡಗಿನ ಕಡೆಯವರ ಬಳಿ ಕಾಚಂಪುಳಿ (ವಿನೆಗರ್ ಥರದ ಕಪ್ಪು ಹುಳಿ) ಇದ್ದರೆ ಕೊನೆಯಲ್ಲಿ ಅರ್ಧ ಚಮಚ ಹಾಕಿ, ಒಣ ಕೈಮಾಗೆ ಅದ್ಭುತವಾಗಿ ಹೊಂದುತ್ತದೆ. ಸೀಸದ ಗುಂಡಲ್ಲ ಅಂತ ಖಾತ್ರಿ ಇದ್ದರೆ ಮಾತ್ರ.

ಕರಗಿಸಿದ ಮಾಂಸ ಒಂದೆರಡು ದಿನದಲ್ಲಿ ಬೇಯಿಸಿ. ಫ್ರೀಜರ್‌ನಲ್ಲಿರುವುದು ಮೂರು ನಾಲ್ಕು ತಿಂಗಳೊಳಗೆ ಮುಗಿದರೆ ರುಚಿ ಚೆನ್ನಾಗಿರುತ್ತದೆ. ಉಂಡೆ ಕಟ್ಟಿ ತಟ್ಟೆಯಲ್ಲಿ ಗಟ್ಟಿಯಾಗಲು ಬಿಟ್ಟು ಆಮೇಲೆ ಕವರ್‌ಗೆ ತುಂಬಿಟ್ಟರೆ, ಬೇಕಾದಾಗ ಹಾಗೆಯೇ ಕುದಿಯುವ ಸಾರಿಗೆ ಹಾಕಬಹುದು. ಆಗ ಹದಿನೈದು ನಿಮಿಷ ಸಾಲದು, ಇನ್ನೂ ಎಂಟು ಹತ್ತು ನಿಮಿಷ ಜಾಸ್ತಿ ಇಡಿ.