ಟೆಸ್ಟ್ ಮಾಡಿದ ರಕ್ತದಿಂದಲೂ ಮಲೇರಿಯಾ ಬರಬಹುದಾ?

ಅಮ್ಮನಿಗೆ ಆಪರೇಷನ್ ಇದೆ, ರಕ್ತ ಹಾಕಬೇಕಾಗಬಹುದು ಅಂದಿದ್ದಾರೆ, ಟೆಸ್ಟ್ ಆದ ರಕ್ತದಿಂದಲೂ ಮಲೇರಿಯಾದಂಥದ್ದು ಬರುತ್ತಾ ಅಂತ ಕೇಳಿದ್ದೀರಿ. ಬರಬಹುದು. ಆದರೆ ಅಪರೂಪ. ಅದಕ್ಕೆ ಹೆದರಿ ಬೇಕಾದ ರಕ್ತವನ್ನು ಮಾತ್ರ ಬೇಡ ಅನ್ನಬೇಡಿ. ರಕ್ತ ಸಿಗದಿದ್ದರೆ ಆಗುವ ಅಪಾಯ ಇದಕ್ಕಿಂತ ಎಷ್ಟೋ ದೊಡ್ಡದು.

ನಾನು ಬ್ಲಡ್ ಬ್ಯಾಂಕ್ ಲ್ಯಾಬಿನಲ್ಲಿ ವರ್ಷಗಟ್ಟಲೆ ಮೈಕ್ರೋಸ್ಕೋಪಿನಲ್ಲಿ ರಕ್ತದ ಸ್ಲೈಡ್ ನೋಡಿದವನು, ಹಾಗಾಗಿ ಟೆಸ್ಟಿನ ಮಿತಿ ನನಗೆ ಗೊತ್ತು. ಒಂದು ಚೀಲದಲ್ಲಿ 350 ಮಿಲಿಲೀಟರ್ ರಕ್ತ ಇದೆ ಅಂದುಕೊಳ್ಳಿ. ಪ್ರತಿ ಮೈಕ್ರೋಲೀಟರಿಗೆ ಬರೀ ಒಂದೊಂದು ಮಲೇರಿಯಾ ಪರಾವಲಂಬಿ (ರೋಗ ತರುವ ಸೂಕ್ಷ್ಮಜೀವಿ) ಇದ್ದರೂ ಇಡೀ ಚೀಲದಲ್ಲಿ 3.5 ಲಕ್ಷ ಆಯಿತು! ಸ್ಲೈಡಿನಲ್ಲಿ ನಾವು ನೋಡುವುದು ಒಂದು ಹನಿಯಲ್ಲೂ ಸಣ್ಣ ಪಾಲು, ಅಷ್ಟು ಕಡಿಮೆ ಇದ್ದಾಗ ಕಣ್ಣಿಗೆ ಬೀಳದೇ ಹೋಗಬಹುದು, ಮತ್ತೆ ಅಂಥ ದಾನಿಗೆ ಜ್ವರವೂ ಇರುವುದಿಲ್ಲ, ಗಟ್ಟಿಮುಟ್ಟಾಗಿಯೇ ಓಡಾಡಿಕೊಂಡಿರುತ್ತಾರೆ. ಪ್ಲಾಸ್ಮೋಡಿಯಂ ಮಲೇರಿಯೇ ಅನ್ನುವ ಜಾತಿಯಂತೂ ದಶಕಗಟ್ಟಲೆ ಸದ್ದಿಲ್ಲದೆ ರಕ್ತದಲ್ಲಿ ಉಳಿದಿರುವುದುಂಟು. ಫ್ರಿಜ್ಜಿನಲ್ಲಿಟ್ಟರೆ ಸಾಯಲ್ವಾ ಅಂತ ಕೇಳಬೇಡಿ, ಕೆಂಪು ರಕ್ತಕಣಗಳ ಒಳಗೆ ಅವು ಆ ಚಳಿಯಲ್ಲೂ ದಿನಗಟ್ಟಲೆ ಬದುಕುತ್ತವೆ.

ಅದಕ್ಕೇ ರಕ್ತ ಕೊಡುವ ಮೊದಲು ಕೇಳುವ ಪ್ರಶ್ನೆಗಳು ಟೆಸ್ಟಿನಷ್ಟೇ ಮುಖ್ಯ. ಒಮ್ಮೆ ಒಬ್ಬ ಹುಡುಗ ಗೆಳೆಯನ ತಂದೆಗೆ ರಕ್ತ ಕೊಡಲು ಬಂದಿದ್ದ. ಎಲ್ಲದಕ್ಕೂ ಇಲ್ಲ ಇಲ್ಲ ಅಂತ ಗೀಚಿದ್ದ. ಪಕ್ಕದಲ್ಲಿ ಕೂತು ನಿಧಾನವಾಗಿ ಮತ್ತೆ ಕೇಳಿದಾಗ, ಹೋದ ತಿಂಗಳು ಮಲೇರಿಯಾ ಮಾತ್ರೆ ತಗೊಂಡಿದ್ದೆ, ಈಗ ಪೂರ್ತಿ ವಾಸಿಯಾಗಿದೆಯಲ್ಲ ಅಂದ. ವಾಪಸ್ ಕಳಿಸಿದೆವು, ತುಂಬಾ ಬೇಜಾರು ಮಾಡಿಕೊಂಡ. ನಿಮ್ಮ ಮನೆಯವರು, ಗೆಳೆಯರು ಯಾರಾದರೂ ರಕ್ತ ಕೊಡುವುದಾದರೆ ದಯವಿಟ್ಟು ಅವರಿಗೆ ಮೊದಲೇ ಹೇಳಿ, ಹಳೇ ಜ್ವರ, ಎಲ್ಲೆಲ್ಲಿ ಪ್ರಯಾಣ ಮಾಡಿದ್ದು, ಯಾವುದನ್ನೂ ಮುಚ್ಚಿಡಬಾರದು.

ಮಲೇರಿಯಾ ಒಂದೇ ಅಲ್ಲ. ಅಮೆರಿಕದಲ್ಲಿ ಉಣ್ಣಿ ಕಡಿತದಿಂದ ಹರಡುವ ಬೆಬೀಸಿಯಾ ಅನ್ನುವ ಪರಾವಲಂಬಿ ಇದೆ, ಅದು ಜಾಸ್ತಿ ಇರುವ ರಾಜ್ಯಗಳಲ್ಲಿ ದಾನಿಗಳ ರಕ್ತವನ್ನು ಅದಕ್ಕೂ ಟೆಸ್ಟ್ ಮಾಡಿ ಅಂತ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರಲ್ಲಿ ಹೇಳಿತು. ವಯಸ್ಸಾದವರಿಗೆ, ಗುಲ್ಮ (ಸ್ಪ್ಲೀನ್) ತೆಗೆಸಿದವರಿಗೆ ಅದು ಜೋರಾಗಿ ಬರುತ್ತದೆ. ಲ್ಯಾಟಿನ್ ಅಮೆರಿಕದಲ್ಲಿ ಚಾಗಸ್ ಅನ್ನುವ ಇನ್ನೊಂದು ಪರಾವಲಂಬಿ ಕಾಯಿಲೆ ಇದೆ, ಅದೂ ರಕ್ತದಿಂದ ಹರಡಬಹುದು. ಆನೆಕಾಲು ರೋಗದ ಮರಿಹುಳುಗಳು ಮಾತ್ರ ರಕ್ತದ ಜೊತೆ ಬಂದರೂ ದೊಡ್ಡ ಹುಳುವಾಗಲಾರವು, ಅದಕ್ಕೆ ಮೊದಲು ಸೊಳ್ಳೆಯ ಹೊಟ್ಟೆ ಸೇರಬೇಕು.

ಈಗ ನೀವು ಮಾಡಬೇಕಾದ್ದು. ರಕ್ತ ಹಾಕಿದ ದಿನ, ಚೀಲದ ನಂಬರ್ ಬರೆದಿಟ್ಟುಕೊಳ್ಳಿ. ಮುಂದಿನ ಕೆಲವು ವಾರಗಳಲ್ಲಿ ಚಳಿಜ್ವರ ಬಂದರೆ, ಅದು ಆಪರೇಷನ್ ಗಾಯದ್ದೇ ಅಂತ ಸುಮ್ನೆ ಕೂರಬೇಡಿ. ಅದೇ ದಿನ ಡಾಕ್ಟರ ಹತ್ತಿರ ಹೋಗಿ, ರಕ್ತ ಹಾಕಿಸಿದ್ದನ್ನು ನೀವಾಗಿಯೇ ಹೇಳಿ, ಮಲೇರಿಯಾ ಟೆಸ್ಟ್ ಮಾಡಿಸಿ, ತಡವಾದರೆ ಅದು ಜೀವಕ್ಕೇ ಕುತ್ತು. ಬೇಗ ಸಿಕ್ಕರೆ ಔಷಧಿ ಇದೆ. ಸೊಳ್ಳೆಯಿಂದ ಬಂದ ವೈವಾಕ್ಸ್ ಅನ್ನುವ ಜಾತಿಯ ಮಲೇರಿಯಾ ಲಿವರಿನಲ್ಲಿ ಅಡಗಿ ತಿಂಗಳುಗಳ ಮೇಲೆ ಮತ್ತೆ ಏಳುತ್ತದೆ, ಆದರೆ ರಕ್ತದಿಂದ ಬಂದದ್ದು ಲಿವರಿಗೆ ಹೋಗುವುದೇ ಇಲ್ಲ, ಹಾಗಾಗಿ ಅಲ್ಲಿಂದ ಮತ್ತೆ ಏಳುವುದೂ ಇಲ್ಲ. ಆ ಚೀಲದ ನಂಬರನ್ನು ಬ್ಲಡ್ ಬ್ಯಾಂಕಿಗೂ ತಿಳಿಸಿ, ಅದೇ ದಾನಿಯ ಪ್ಲೇಟ್‌ಲೆಟ್ ಇನ್ನೊಬ್ಬರಿಗೆ ಹೋಗಿರಬಹುದು.