ಚರ್ಚ್‌ನಲ್ಲಿ ದಶಾಂಶ ಕೊಡಲೇಬೇಕಾ? ದುಡ್ಡಿಲ್ಲದವರು ಸೇವೆ ಮಾಡಿದರೆ ಸಾಕಾ?

ದಶಾಂಶ ಅಂದರೆ ಆದಾಯದ ಹತ್ತರಲ್ಲೊಂದು ಪಾಲು ಕೊಡುವುದು. ಇದು ಬೈಬಲ್‌ನ ಮೊದಲ ಭಾಗವಾದ ಹಳೆಯ ಒಡಂಬಡಿಕೆಯಿಂದ ಬಂದದ್ದು. ಕೆಲವು ಪ್ರೊಟೆಸ್ಟೆಂಟ್, ಪೆಂಟೆಕೋಸ್ಟಲ್ ಸಭೆಗಳು ಇದನ್ನು ಗಟ್ಟಿಯಾಗಿ ಹೇಳುತ್ತವೆ. ಕ್ಯಾಥೊಲಿಕ್ ಸಭೆ ಚರ್ಚ್‌ನ ಅಗತ್ಯಕ್ಕೆ ನೆರವಾಗಿ ಎನ್ನುತ್ತದೆ, ಶೇಕಡಾ ಇಷ್ಟು ಎಂದು ಗೊತ್ತು ಮಾಡಿಲ್ಲ. ಬಲವಂತಕ್ಕೆ ಕೊಡಬೇಡಿ, ಮನಸ್ಸಿನಲ್ಲಿ ನಿಶ್ಚಯಿಸಿದಷ್ಟು ಸಂತೋಷದಿಂದ ಕೊಡಿ ಎಂದು ಬೈಬಲ್‌ನಲ್ಲಿ ಸಂತ ಪೌಲನೇ ಕೊರಿಂಥ ಊರಿನ ಕ್ರೈಸ್ತರಿಗೆ ಬರೆದಿದ್ದಾನೆ. ಮನೆಯ ರೇಷನ್‌ಗೇ ಕಷ್ಟವಿರುವಾಗ ಸಾಲ ಮಾಡಿ ಕೊಡುವುದು ಬೇಡವೇ ಬೇಡ.

ಇನ್ನು ಸೇವೆ. ಅದನ್ನು ಕಾಣಿಕೆಗಿಂತ ಕಡಿಮೆ ಅಂದುಕೊಳ್ಳಬೇಡಿ. 1833ರಲ್ಲಿ ಪ್ಯಾರಿಸ್‌ನಲ್ಲಿ ಫ್ರೆಡೆರಿಕ್ ಓಝಾನಾಮ್ ಮತ್ತು ಗೆಳೆಯರು ಬಡವರಿಗೆ ನೆರವಾಗಲು ಒಂದು ಸಣ್ಣ ಗುಂಪು ಕಟ್ಟಿದರು. ಓಝಾನಾಮ್‌ಗೆ ಆಗ 20 ವರ್ಷ, ಇನ್ನೂ ವಿದ್ಯಾರ್ಥಿ. ಅದೇ ಇವತ್ತಿನ ಸಂತ ವಿನ್ಸೆಂಟ್ ದಿ ಪಾವ್ಲ್ ಸಭೆ. ಕರ್ನಾಟಕದ ಹಲವು ಚರ್ಚ್‌ಗಳಲ್ಲೂ ಇದರ ಘಟಕಗಳಿವೆ. ಸದಸ್ಯರು ಸಾಮಾನ್ಯವಾಗಿ ಇಬ್ಬಿಬ್ಬರಾಗಿ ಕಷ್ಟದಲ್ಲಿರುವವರ ಮನೆಗೆ ಹೋಗುತ್ತಾರೆ, ಕೂತು ಮಾತಾಡುತ್ತಾರೆ. ಸಭೆ ಸೇರಿದಾಗ ಒಂದು ಚೀಲ ಸುತ್ತು ಬರುತ್ತದೆ. ಯಾರು ಎಷ್ಟು ಹಾಕಿದರು ಅಂತ ಯಾರಿಗೂ ಗೊತ್ತಾಗುವುದಿಲ್ಲ. ನನಗೆ ತುಂಬಾ ಇಷ್ಟವಾದ ಪದ್ಧತಿ ಇದು. ಇಲ್ಲದವರ ಮರ್ಯಾದೆ ಉಳಿಯುತ್ತದೆ, ಅಲ್ವಾ?

ಸೇರುವ ಮನಸ್ಸಿದ್ದರೆ ಭಾನುವಾರ ಪೂಜೆ ಮುಗಿದ ಮೇಲೆ ಫಾದರ್ ಹತ್ತಿರ ಕೇಳಿ. ವಾರಕ್ಕೆ ಒಂದೆರಡು ಗಂಟೆ ಬಿಡುವು ಮಾಡಿಕೊಂಡರೂ ಶುರು ಮಾಡಬಹುದು.