ಕಾಕಸಸ್ ಸೀಮೆಯ ಭಾಷೆಗಳೂ ಹಾಡುಗಳೂ

ಪ್ರಶ್ನೆ: ಕಪ್ಪು ಸಮುದ್ರಕ್ಕೂ ಕ್ಯಾಸ್ಪಿಯನ್ ಸಮುದ್ರಕ್ಕೂ ನಡುವಿನ ಕಾಕಸಸ್ ಸೀಮೆಯಲ್ಲಿ ಹತ್ತಾರು ಭಾಷೆಗಳಿವೆ ಎಂದು ಓದಿದೆ. ಅಷ್ಟು ಚಿಕ್ಕ ಜಾಗದಲ್ಲಿ ಅವೆಲ್ಲ ಹೇಗೆ ಉಳಿದವು? ಅಕ್ಕಪಕ್ಕದ ಊರಿನವರು ಪರಸ್ಪರ ಹೇಗೆ ಮಾತನಾಡುತ್ತಿದ್ದರು?
– ಓದುಗರೊಬ್ಬರು, ಧಾರವಾಡ

ಉತ್ತರ: ಬೆಟ್ಟಗಳು ಜನರನ್ನು ದೂರವಿರಿಸಿದ್ದರಿಂದ ಭಾಷೆಗಳು ಉಳಿದವು ಎಂಬ ವಿವರಣೆಯೇ ಹೆಚ್ಚಾಗಿ ಸಿಗುತ್ತದೆ. ಅದು ಅರ್ಧ ನಿಜ ಮಾತ್ರ. ಈ ಸೀಮೆಯ ಸುಮಾರು 50 ಭಾಷೆಗಳಲ್ಲಿ ಹೆಚ್ಚಿನವು ಮೂರು ಸ್ಥಳೀಯ ಕುಟುಂಬಗಳಿಗೆ ಸೇರಿವೆ. ಜಾರ್ಜಿಯನ್ ಮತ್ತು ಸ್ವಾನ್ ಭಾಷೆಗಳದು ಒಂದು ಕುಟುಂಬ, ಅಬ್ಖಾಜ್ ಮತ್ತು ಚೆರ್ಕೆಸ್ ಭಾಷೆಗಳದು ಇನ್ನೊಂದು, ಚೆಚೆನ್, ಅವಾರ್, ಲೆಜ್ಗಿ ಮುಂತಾದವುಗಳದು ಮತ್ತೊಂದು. ಹೊರಗಿನ ಯಾವ ಭಾಷಾಕುಟುಂಬದೊಂದಿಗೂ ಇವುಗಳ ನಂಟು ಈವರೆಗೆ ಸಿದ್ಧವಾಗಿಲ್ಲ. ಇಂಡೋ-ಯುರೋಪಿಯನ್ ಬಳಗದ ಆರ್ಮೇನಿಯನ್, ಒಸ್ಸೆಟಿಕ್ ಭಾಷೆಗಳೂ ತುರ್ಕಿ ಬಳಗದ ಅಜರ್‌ಬೈಜಾನಿ, ಕುಮಿಕ್ ಭಾಷೆಗಳೂ ಇವುಗಳ ನಡುವೆಯೇ ಬೆಳೆದಿವೆ.

ಉಳಿದ ಅರ್ಧ ತಿಳಿಯಬೇಕಾದರೆ ಮೂವತ್ತಕ್ಕೂ ಹೆಚ್ಚು ಭಾಷೆಗಳಿರುವ, ಈಗ ರಷ್ಯಾಕ್ಕೆ ಸೇರಿದ ದಾಗೆಸ್ತಾನವನ್ನು ನೋಡಬೇಕು. ಅಲ್ಲಿನ ಆರ್ಚಿ ಎಂಬ ಭಾಷೆ ಒಂದೇ ಗ್ರಾಮದ್ದು, ಅದನ್ನಾಡುವವರು ಸಾವಿರದ ಆಸುಪಾಸಿನಲ್ಲಿದ್ದಾರೆ. ಆದರೆ ಆ ಗ್ರಾಮದವರು ಲೋಕದಿಂದ ದೂರ ಉಳಿದವರಲ್ಲ. ಅವರು ನೆರೆಯ ಅವಾರ್ ಮತ್ತು ಲಾಕ್ ಭಾಷೆಗಳನ್ನು ಸರಾಗವಾಗಿ ಆಡುತ್ತಿದ್ದರು, ಮದುವೆಗಳನ್ನು ಮಾತ್ರ ಹೆಚ್ಚಾಗಿ ಊರೊಳಗೇ ಮಾಡಿಕೊಳ್ಳುತ್ತಿದ್ದರು. ಹೊರಗಿನವರೊಂದಿಗೆ ಹೊರಗಿನ ಮಾತು, ಮನೆಯಲ್ಲಿ ಮನೆಯ ಮಾತು ಎಂಬ ಈ ಏರ್ಪಾಡೇ ಆ ಭಾಷೆಯನ್ನು ಕಾಪಾಡಿತು. ಬೆಟ್ಟದ ಮೇಲಿನವರಿಗೆ ಚಳಿಗಾಲದಲ್ಲಿ ಕುರಿಮಂದೆಗಳನ್ನು ತಗ್ಗಿನ ಹುಲ್ಲುಗಾವಲಿಗೆ ಇಳಿಸಲೇಬೇಕಿತ್ತು, ಸಂತೆಗೂ ಇಳಿಯಬೇಕಿತ್ತು. ಆದ್ದರಿಂದ ಮೇಲಿನವರು ಕೆಳಗಿನವರ ಭಾಷೆ ಕಲಿಯುತ್ತಿದ್ದರೇ ಹೊರತು ಕೆಳಗಿನವರು ಮೇಲಿನವರ ಭಾಷೆ ಕಲಿಯುವುದು ಅಪರೂಪವಾಗಿತ್ತು. ಕುಬಾಚಿ ಗ್ರಾಮ ಬೆಳ್ಳಿ ಮತ್ತು ಆಯುಧಗಳ ಕೆಲಸಕ್ಕೆ, ಬಾಲ್ಖಾರ್ ಮಡಕೆಗಳಿಗೆ, ಉಂಟ್ಸುಕುಲ್ ಲೋಹದ ತಂತಿ ಕೂರಿಸಿದ ಮರದ ಕುಸುರಿಗೆ ಹೆಸರಾಗಿದ್ದವು. ಒಂದು ಊರಿಗೆ ಇನ್ನೊಂದು ಊರಿನ ಸರಕು ಬೇಕೇ ಬೇಕಿದ್ದುದರಿಂದ, ಇನ್ನೊಬ್ಬರ ಮಾತು ಕಲಿಯುವುದು ಬದುಕಿನ ಅಗತ್ಯವಾಗಿತ್ತು.

ನೆರೆಹೊರೆಯ ಒಡನಾಟ ಭಾಷೆಯನ್ನು ಕೊಲ್ಲುವುದಿಲ್ಲ, ನೆಲೆ ತಪ್ಪಿಸುವುದು ಕೊಲ್ಲುತ್ತದೆ ಎಂಬುದಕ್ಕೆ ಉಬಿಖ್ ಭಾಷೆ ನೋವಿನ ಸಾಕ್ಷಿ. ಎಂಬತ್ತಕ್ಕೂ ಹೆಚ್ಚು ವ್ಯಂಜನಗಳಿದ್ದ ಆ ಭಾಷೆಯ ಜನ ಇಂದಿನ ಸೋಚಿಯ ಸುತ್ತಲಿನವರು; ರಷ್ಯಾದ ಸೇನೆ ಆ ಕರಾವಳಿಯನ್ನು ಗೆದ್ದ 1864ರಲ್ಲಿ ಅವರು ಒಟ್ಟೋಮನ್ ಸಾಮ್ರಾಜ್ಯಕ್ಕೆ ಗುಳೆ ಹೋಗಬೇಕಾಯಿತು. ಚದುರಿದ ಊರುಗಳಲ್ಲಿ ಮಕ್ಕಳು ತುರ್ಕಿ ಮತ್ತು ಚೆರ್ಕೆಸ್ ಭಾಷೆಗಳಿಗೆ ಹೊರಳಿದರು. ಅದನ್ನು ಸರಾಗವಾಗಿ ಆಡಬಲ್ಲ ಕೊನೆಯವರಾಗಿದ್ದ ತೆವ್ಫಿಕ್ ಎಸೆಂಚ್ 1992ರಲ್ಲಿ ತೀರಿಕೊಂಡರು. ಇಂದು ದಾಗೆಸ್ತಾನದಲ್ಲಿ ಊರಿನವರ ನಡುವಿನ ಸಂಪರ್ಕಕ್ಕೆ ರಷ್ಯನ್ ಒಂದೇ ಸಾಕೆನಿಸಿದೆ. ಹಿರಿಯರಿಗಿದ್ದ ನೆರೆಭಾಷೆಗಳ ತಿಳಿವಳಿಕೆ ಕಿರಿಯರಿಗೆ ದಾಟುತ್ತಿಲ್ಲ. ನನ್ನ ದೃಷ್ಟಿಯಲ್ಲಿ ಇದು ಒಂದು ಭಾಷೆಯ ಅಳಿವಿನಷ್ಟೇ ದೊಡ್ಡ ನಷ್ಟ.

ಪ್ರಶ್ನೆ: ಜಾರ್ಜಿಯಾ, ಆರ್ಮೇನಿಯಾ, ಅಜರ್‌ಬೈಜಾನ್ ದೇಶಗಳ ಸಂಗೀತ ಒಂದೇ ಬಗೆಯದೇ?
– ಓದುಗರೊಬ್ಬರು, ಮೈಸೂರು

ಉತ್ತರ: ಅಲ್ಲ. ಜಾರ್ಜಿಯಾದ ಜನಪದ ಹಾಡುಗಾರಿಕೆ ಬಹುಕಂಠದ್ದು: ಸಾಮಾನ್ಯವಾಗಿ ಮೂರು ದನಿಗಳು ಬೇರೆ ಬೇರೆ ದಾರಿಯಲ್ಲಿ ಸಾಗಿ ಕೂಡುತ್ತವೆ. ಪೂರ್ವದ ಕಖೇತಿಯಲ್ಲಿ ಕೆಳದನಿ ಶ್ರುತಿಯಂತೆ ನಿಂತಿದ್ದರೆ ಮೇಲಿನೆರಡು ದನಿಗಳು ಅದರ ಮೇಲೆ ಕುಸುರಿ ಹೆಣೆಯುತ್ತವೆ. ಅಲ್ಲಿನ 'ಚಾಕ್ರುಲೊ' ಎಂಬ ಹಾಡನ್ನು 1977ರಲ್ಲಿ ವಾಯೇಜರ್ ನೌಕೆಗಳ ಧ್ವನಿಮುದ್ರಿಕೆಯಲ್ಲಿ ಸೇರಿಸಿ ಬಾಹ್ಯಾಕಾಶಕ್ಕೆ ಕಳುಹಿಸಲಾಯಿತು. ಅಜರ್‌ಬೈಜಾನಿನ ಮುಘಾಮ್ ಎಂಬ ಸಂಗೀತಪದ್ಧತಿಯಲ್ಲಿ ಒಬ್ಬರೇ ಗಾಯಕರಿರುತ್ತಾರೆ, ಜೊತೆಗೆ ತಾರ್ ಮತ್ತು ಕಮಾಂಚ ಎಂಬ ತಂತಿವಾದ್ಯಗಳಿರುತ್ತವೆ. ಒಂದು ಸ್ವರವಿನ್ಯಾಸವನ್ನು ನಿಧಾನವಾಗಿ ಬಿಡಿಸುತ್ತ ಹೋಗುವ ಅದರ ಕ್ರಮ, ಆಲಾಪನೆ ಕೇಳಿ ಬೆಳೆದ ನಮ್ಮ ಕಿವಿಗೆ ಬೇಗ ಒಗ್ಗುತ್ತದೆ. ಆರ್ಮೇನಿಯಾದವರು ಜಲ್ದರು ಮರದಿಂದ ಮಾಡುವ ದುದುಕ್ ಎಂಬ ಊದುವಾದ್ಯದ ದನಿ ಮದುವೆಗೂ ಬೇಕು, ಸಾವಿನ ಮನೆಗೂ ಬೇಕು.

ಇಷ್ಟು ಭಿನ್ನತೆಯಿದ್ದರೂ ಯಾವ ಹಾಡು ಯಾರದು ಎಂದು ಗೆರೆ ಎಳೆಯಲು ಹೊರಟರೆ ಸಯಾತ್ ನೋವಾ ಎದುರು ನಿಲ್ಲುತ್ತಾನೆ. 18ನೇ ಶತಮಾನದ ಈ ಆರ್ಮೇನಿಯನ್ ಕವಿ-ಗಾಯಕ ಜಾರ್ಜಿಯಾದ ದೊರೆ ಎರೆಕ್ಲೆಯ ಆಸ್ಥಾನದಲ್ಲಿದ್ದು ಆರ್ಮೇನಿಯನ್, ಜಾರ್ಜಿಯನ್, ಅಜರ್‌ಬೈಜಾನಿ ಮೂರರಲ್ಲೂ ಹಾಡು ಕಟ್ಟಿದ. ಇರಾನಿನ ಸೇನೆ 1795ರಲ್ಲಿ ದಂಡೆತ್ತಿ ಬಂದಾಗ ಹತನಾದ ಅವನ ಸಮಾಧಿ ತ್ಬಿಲಿಸಿಯಲ್ಲಿದೆ. ಮೂರೂ ದೇಶದವರು ಅವನನ್ನು ತಮ್ಮವನೆಂದರೆ ಅದರಲ್ಲಿ ತಪ್ಪೇನೂ ಇಲ್ಲ. ತಮ್ಮವನು ಮಾತ್ರ ಎಂದರೆ ತಪ್ಪು.

ಪ್ರಶ್ನೆ: ಬಾಕು ನಗರದ ಬಳಿ ಹಿಂದೂ ದೇವಾಲಯವಿದೆ ಎಂಬುದು ನಿಜವೇ?
– ಓದುಗರೊಬ್ಬರು, ಉಡುಪಿ

ಉತ್ತರ: ಸುರಖಾನಿಯಲ್ಲಿರುವ ಆತಶ್‌ಗಾಹ್ ಬಗ್ಗೆ ಕೇಳುತ್ತಿದ್ದೀರಿ. ನೆಲದಿಂದ ತಾನಾಗಿ ಹೊಮ್ಮುತ್ತಿದ್ದ ಅನಿಲದ ಜ್ವಾಲೆಯ ಸುತ್ತ, ವ್ಯಾಪಾರಕ್ಕೆ ಬಂದ ಪಂಜಾಬ್, ಸಿಂಧ್ ಕಡೆಯ ಭಾರತೀಯರು 17 ಮತ್ತು 18ನೇ ಶತಮಾನಗಳಲ್ಲಿ ಕಟ್ಟಿಸಿದ ಆವರಣವದು. ಕೋಣೆಗಳ ಬಾಗಿಲ ಮೇಲೆ ದೇವನಾಗರಿ ಮತ್ತು ಗುರುಮುಖಿ ಶಾಸನಗಳಿವೆ. ಗಣೇಶನಿಗೆ ವಂದಿಸಿ ಆರಂಭವಾಗುವವೂ ಅವುಗಳಲ್ಲಿವೆ. ಜರತುಷ್ಟ್ರ ಧರ್ಮದವರೂ ಅದನ್ನು ಪವಿತ್ರವೆಂದೇ ಕಾಣುತ್ತಾರೆ. ಸುತ್ತಲಿನ ಅನಿಲವನ್ನು ಹೊರತೆಗೆದುದರಿಂದ 1969ರಲ್ಲಿ ಸಹಜ ಜ್ವಾಲೆ ಆರಿತು. ಈಗ ಉರಿಯುತ್ತಿರುವುದು ಕೊಳವೆಯಲ್ಲಿ ಬರುವ ಅನಿಲ, ಮತ್ತು ಆವರಣ 1975ರಿಂದ ವಸ್ತುಸಂಗ್ರಹಾಲಯವಾಗಿದೆ.